ಬಾಹ್ಯಾಕಾಶಕ್ಕೆ ಹೋಗಿಬಂದ ಜೀವಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಾಹ್ಯಾಕಾಶದಲ್ಲಿ ಜೀವಿಗಳಿಗೆ ನಿಜವಾಗಿ ಏನು ಕಷ್ಟ?

ನೌಕೆಯ ಒಳಗಿನ ಕಷ್ಟ ಬೇರೆ, ಹೊರಗಿನ ಕಷ್ಟ ಬೇರೆ. ಇದನ್ನು ಮೊದಲೇ ಬಿಡಿಸಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಒಳಗೆ ಗಾಳಿ ಇದೆ, ಹದವಾದ ಬಿಸಿ ಇದೆ, ಊಟ ನೀರು ಇದೆ. ಇಲ್ಲದಿರುವುದು ತೂಕ. ಹೊರಗೆ ಹೋದರೆ ಗಾಳಿಯೂ ಇಲ್ಲ. ಬಿಸಿಲು ಬಿದ್ದ ಕಡೆ ಸುಡುತ್ತದೆ, ನೆರಳಿನ ಕಡೆ ಕೊರೆಯುತ್ತದೆ. ಮೈಯಲ್ಲಿರುವ ನೀರು ಆವಿಯಾಗಿ ಹೊರಟುಹೋಗುತ್ತದೆ. ಭೂಮಿಯ ಮೇಲೆ ಗಾಳಿಯ ಹೊದಿಕೆ ತಡೆದು ನಿಲ್ಲಿಸುವ ಅತಿನೇರಳೆ ಕಿರಣಗಳು ಅಲ್ಲಿ ನೇರವಾಗಿ ಬಂದು ಬಡಿಯುತ್ತವೆ.

ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ. ನಿಲ್ದಾಣ ಇರುವುದು ನೆಲದಿಂದ ಸುಮಾರು 400 ಕಿಲೋಮೀಟರ್ ಮೇಲೆ. ಅಷ್ಟು ಎತ್ತರದಲ್ಲೂ ಭೂಮಿಯ ಸೆಳೆತ ಇಲ್ಲಿನ ಶೇ. 90ರಷ್ಟು ಇರುತ್ತದೆ. ಆದರೆ ನಿಲ್ದಾಣವೂ ಅದರೊಳಗಿನ ಎಲ್ಲವೂ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುತ್ತವೆ. ಎಲ್ಲವೂ ಒಟ್ಟಿಗೆ ಬೀಳುವಾಗ ಯಾವುದರ ತೂಕವೂ ಯಾವುದರ ಮೇಲೂ ಬೀಳುವುದಿಲ್ಲ. ಅಷ್ಟೇ ಗುಟ್ಟು.

ಒಂದು ವಿಷಯ ನನ್ನನ್ನು ಯಾವಾಗಲೂ ಹಿಡಿದು ನಿಲ್ಲಿಸುತ್ತದೆ. ಭೂಮಿಯ ಮೇಲೆ ಜೀವ ಶುರುವಾಗಿ 350 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಅಷ್ಟು ಕಾಲದಲ್ಲಿ ಜೀವಿಗಳು ಬರ ಕಂಡಿವೆ, ಹಿಮ ಕಂಡಿವೆ, ಬೆಂಕಿಯಂಥ ಬಿಸಿಯನ್ನೂ ಕಂಡಿವೆ. ತೂಕ ಇಲ್ಲದ ಒಂದೇ ಒಂದು ದಿನವನ್ನು ಮಾತ್ರ ಯಾವ ಜೀವಿಯೂ ಕಂಡಿರಲಿಲ್ಲ. ಕೆಳಗಿನ ಉತ್ತರಗಳನ್ನು ಓದುವಾಗ ಇದು ನೆನಪಿನಲ್ಲಿರಲಿ.

ಮೊಟ್ಟಮೊದಲು ಬಾಹ್ಯಾಕಾಶಕ್ಕೆ ಹೋದ ಪ್ರಾಣಿ ಲೈಕಾ ಅಲ್ವಾ?

ಅಲ್ಲ. ಮೊದಲು ಹೋಗಿದ್ದು ಹಣ್ಣಿನ ನೊಣಗಳು. 1947ರ ಫೆಬ್ರವರಿ 20ರಂದು ಅಮೆರಿಕದ ನ್ಯೂ ಮೆಕ್ಸಿಕೊದಿಂದ ಹಾರಿದ ವಿ-2 ರಾಕೆಟ್ ಅವನ್ನು 109 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಪ್ಯಾರಾಶೂಟ್‌ನಲ್ಲಿ ಇಳಿದ ಡಬ್ಬಿ ತೆರೆದಾಗ ನೊಣಗಳು ಜೀವಂತವಾಗಿದ್ದವು. ಎರಡು ವರ್ಷದ ನಂತರ, 1949ರ ಜೂನ್‌ನಲ್ಲಿ, ಎರಡನೇ ಆಲ್ಬರ್ಟ್ ಎಂಬ ಕೋತಿ 134 ಕಿಲೋಮೀಟರ್ ಎತ್ತರಕ್ಕೆ ಹೋಯಿತು. ಇಳಿಯುವಾಗ ಪ್ಯಾರಾಶೂಟ್ ಕೈಕೊಟ್ಟಿತು. ಕೋತಿ ಉಳಿಯಲಿಲ್ಲ.

ಲೈಕಾ ಮೊದಲಿಗಳಾಗಿದ್ದು ಬೇರೆ ಅರ್ಥದಲ್ಲಿ. ಭೂಮಿಯನ್ನು ಸುತ್ತಿದ ಮೊದಲ ಪ್ರಾಣಿ ಅವಳು.

ಲೈಕಾಗೆ ಕೊನೆಗೆ ಏನಾಯಿತು?

ಮಾಸ್ಕೋದ ಬೀದಿಯಲ್ಲಿ ಸಿಕ್ಕ ನಾಯಿ ಅವಳು. 1957ರ ನವೆಂಬರ್ 3ರಂದು ಸ್ಪುಟ್ನಿಕ್-2ರಲ್ಲಿ ಕೂರಿಸಿ ಕಳಿಸಿದರು. ಆ ನೌಕೆಯನ್ನು ವಾಪಸು ಇಳಿಸುವ ಏರ್ಪಾಡು ಇರಲೇ ಇಲ್ಲ. ಅವಳು ಬರುವುದಿಲ್ಲ ಅಂತ ಕಳಿಸಿದವರಿಗೆಲ್ಲ ಗೊತ್ತಿತ್ತು. ಹಾರುವ ಮೊದಲು ವ್ಲಾದಿಮಿರ್ ಯಜ್ದೋವ್‌ಸ್ಕಿ ಎಂಬ ವೈದ್ಯ-ವಿಜ್ಞಾನಿ ಅವಳನ್ನು ಮನೆಗೆ ಕರೆದುಕೊಂಡು ಹೋಗಿ ತಮ್ಮ ಮಕ್ಕಳ ಜೊತೆ ಆಡಲು ಬಿಟ್ಟಿದ್ದರು.

ಅವಳು ಹಲವು ದಿನ ಬದುಕಿದ್ದಳು, ನೋವಿಲ್ಲದೆ ಸತ್ತಳು ಅಂತಲೇ ವರ್ಷಗಟ್ಟಲೆ ಹೇಳಿಕೊಂಡು ಬಂದರು. ನಿಜ ಹೊರಬಂದಿದ್ದು 2002ರಲ್ಲಿ. ಕೋಣೆ ವಿಪರೀತ ಕಾದು, ಹಾರಿದ ಕೆಲವೇ ಗಂಟೆಗಳಲ್ಲಿ ಅವಳ ಜೀವ ಹೋಗಿತ್ತು. ಆ ಕೆಲಸದಲ್ಲಿದ್ದ ಒಲೆಗ್ ಗಜೆಂಕೊ 1998ರಲ್ಲೇ ಬಾಯಿಬಿಟ್ಟು ವಿಷಾದ ಹೇಳಿಕೊಂಡಿದ್ದರು. ಆ ನಾಯಿಯ ಸಾವಿಗೆ ತಕ್ಕಷ್ಟು ನಾವು ಏನೂ ಕಲಿಯಲಿಲ್ಲ ಎನ್ನುವುದು ಅವರ ಮಾತಿನ ಸಾರ. ಅದನ್ನು ಅವರೇ ಹೇಳಿದ್ದು ದೊಡ್ಡದು ಅಂತ ನನಗನ್ನಿಸುತ್ತದೆ.

1960ರ ಆಗಸ್ಟ್‌ನಲ್ಲಿ ಹೋದ ಬೆಲ್ಕಾ ಮತ್ತು ಸ್ಟ್ರೆಲ್ಕಾ ಎಂಬ ನಾಯಿಗಳು ಕ್ಷೇಮವಾಗಿ ಮರಳಿದವು. ಸ್ಟ್ರೆಲ್ಕಾ ಆಮೇಲೆ ಮರಿಗಳನ್ನೂ ಹಾಕಿದಳು. 1963ರಲ್ಲಿ ಫ್ರಾನ್ಸ್ ಕಳಿಸಿದ ಫೆಲಿಸೆಟ್ ಎಂಬ ಬೆಕ್ಕೂ ಜೀವಂತವಾಗಿ ಇಳಿಯಿತು. ಆದರೆ ಕೆಲವು ತಿಂಗಳಲ್ಲೇ ಮಿದುಳು ಪರೀಕ್ಷೆಗೆಂದು ಅದನ್ನು ಕೊಂದರು. 2019ರಲ್ಲಿ ಸ್ಟ್ರಾಸ್‌ಬರ್ಗ್ ಬಳಿ ಅದರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ.

ಮನುಷ್ಯರಿಗಿಂತ ಮೊದಲು ಆಮೆಗಳು ಚಂದ್ರನನ್ನು ಸುತ್ತಿ ಬಂದವಂತೆ, ಹೌದಾ?

ಹೌದು. 1968ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದ ಜೋಂಡ್-5 ನೌಕೆ ಎರಡು ಆಮೆಗಳನ್ನು ಹೊತ್ತು ಚಂದ್ರನ ಹಿಂದಿನಿಂದ ಹಾದು ಬಂದು ಹಿಂದೂ ಮಹಾಸಾಗರದಲ್ಲಿ ಇಳಿಯಿತು. ಅಪೊಲೊ-8ರಲ್ಲಿ ಮನುಷ್ಯರು ಹೋಗಿದ್ದು ಅದೇ ಡಿಸೆಂಬರ್‌ನಲ್ಲಿ. ಆಮೆಗಳ ತೂಕ ಹತ್ತರಲ್ಲಿ ಒಂದು ಪಾಲು ಇಳಿದಿತ್ತು, ಉಳಿದಂತೆ ಚೆನ್ನಾಗಿದ್ದವು. ತಿಂಡಿ ನೀರಿಲ್ಲದೆ ದಿನಗಟ್ಟಲೆ ತಾಳಿಕೊಳ್ಳುವ ಪ್ರಾಣಿ ಆಮೆ, ಹಾಗಾಗಿ ಇಂಥ ಪ್ರಯಾಣಕ್ಕೆ ಹೊಂದುತ್ತಿತ್ತು.

ತೂಕವೇ ಇಲ್ಲದಿದ್ದರೆ ಪ್ರಾಣಿಗಳಿಗೆ ಮೇಲು ಯಾವುದು, ಕೆಳಗು ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ನಮ್ಮ ಕಿವಿಯ ಒಳಗೆ, ಕಣ್ಣಿಗೆ ಕಾಣದಷ್ಟು ಚಿಕ್ಕ ಸುಣ್ಣದ ಹರಳುಗಳಿವೆ. ಅವು ಸೂಕ್ಷ್ಮ ಕೂದಲುಗಳ ಮೇಲಿನ ಲೋಳೆಯಲ್ಲಿ ಕೂತಿರುತ್ತವೆ. ತಲೆ ವಾಲಿಸಿದರೆ ಹರಳುಗಳು ಆ ಕಡೆ ಜಗ್ಗುತ್ತವೆ, ಕೂದಲು ಬಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಮೀನು, ಕಪ್ಪೆ, ಹಕ್ಕಿ, ಇಲಿ ಎಲ್ಲದರಲ್ಲೂ ಇಂಥದ್ದೇ ಏರ್ಪಾಡು ಇದೆ. ಬೆನ್ನುಮೂಳೆ ಇಲ್ಲದ ಜೆಲ್ಲಿ ಮೀನಿನಲ್ಲೂ ಇದೇ ಬಗೆಯ ಹರಳು ಇದೆ.

ತೂಕ ಹೋದಾಗ ಹರಳು ಎತ್ತಲೂ ಜಗ್ಗುವುದಿಲ್ಲ. ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಗಗನಯಾತ್ರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮೊದಲ ಎರಡು ಮೂರು ದಿನ ತಲೆ ಸುತ್ತಿ ಹೊಟ್ಟೆ ತೊಳಸುವುದು ಈ ಜಗಳದಿಂದಲೇ.

ಮೀನುಗಳಿಗೆ ಆಗಿದ್ದು ನೋಡಿ. 1973ರಲ್ಲಿ ಸ್ಕೈಲ್ಯಾಬ್ ನಿಲ್ದಾಣಕ್ಕೆ ಒಯ್ದ ಚಿಕ್ಕ ಮೀನುಗಳು ಮೊದಮೊದಲು ನೀರಿನಲ್ಲಿ ಲಾಗ ಹಾಕುತ್ತಾ ಸುತ್ತುತ್ತಲೇ ಇದ್ದವು. 'ಕೆಳಗೆ' ಎನ್ನುವುದನ್ನು ಹುಡುಕಿ ಹುಡುಕಿ ಅದು ಸಿಗದೆ ಮೈ ತಿರುಗಿಸುತ್ತಿದ್ದವು. ದಿನ ಕಳೆದಂತೆ ಬೆಳಕು ಬರುವ ಕಡೆಗೆ ಬೆನ್ನು ಮಾಡಿ ಈಜಲು ಶುರುಮಾಡಿದವು. ಕೆರೆಯಲ್ಲಿ ಬೆಳಕು ಯಾವಾಗಲೂ ಮೇಲಿನಿಂದ ಬರುತ್ತದೆ, ಅಲ್ವಾ? ಅದೇ ಲೆಕ್ಕವನ್ನು ಅಲ್ಲೂ ಹಿಡಿದುಕೊಂಡವು. ಜೊತೆಗೆ ಒಯ್ದಿದ್ದ ಮೊಟ್ಟೆಗಳು ಅಲ್ಲೇ ಒಡೆದು ಮರಿಗಳು ಹೊರಬಂದವು. ಆ ಮರಿಗಳು ಮೊದಲ ದಿನದಿಂದಲೇ ಲಾಗ ಹಾಕದೆ ಈಜಿದವು! ತೂಕ ಎಂದರೇನೆಂದು ತಿಳಿಯದ ಮರಿಗಳಿಗೆ ಅದು ಇಲ್ಲವೆನ್ನುವ ಗೊಂದಲವೂ ಇರಲಿಲ್ಲ. ಈ ಸಂಗತಿ ಎಷ್ಟು ಸಲ ಓದಿದರೂ ನನಗೆ ಹೊಸದಾಗಿಯೇ ಕಾಣುತ್ತದೆ.

ಇಲಿಗಳ ದಾರಿ ಇನ್ನೊಂದು ಬಗೆ. 2014ರಲ್ಲಿ ನಿಲ್ದಾಣಕ್ಕೆ ಹೋದ ಎಳೆಯ ಇಲಿಗಳು ಮೊದಲು ಬೋನಿನ ಗೋಡೆ ಹಿಡಿದು ತೆವಳಿದವು. ಒಂದೂವರೆ ವಾರದೊಳಗೆ ಬೋನಿನ ಸುತ್ತ ಗಿರಗಿರನೆ ಓಡಲು ಕಲಿತವು. ಒಂದು ಶುರುಮಾಡಿದರೆ ಉಳಿದವೂ ಸೇರಿಕೊಳ್ಳುತ್ತಿದ್ದವು. ಸುತ್ತುವಾಗ ಕಾಲು ಗೋಡೆಗೆ ಒತ್ತುತ್ತದೆ. ಕಳೆದುಹೋದ ತೂಕವನ್ನು ಅವು ಓಡಿ ಓಡಿ ವಾಪಸು ಪಡೆಯುತ್ತಿದ್ದವೋ ಏನೋ ಅನ್ನಿಸುತ್ತದೆ ಆ ವಿಡಿಯೊ ನೋಡಿದರೆ.

ಜೇಡ ಅಲ್ಲಿ ಬಲೆ ನೇಯುತ್ತದೆಯೇ?

ನೇಯುತ್ತದೆ. ಈ ಪ್ರಶ್ನೆಯನ್ನು ಮೊದಲು ನಾಸಾ ಮುಂದಿಟ್ಟವಳು ಅಮೆರಿಕದ ಶಾಲಾ ಹುಡುಗಿ ಜೂಡಿತ್ ಮೈಲ್ಸ್. ಅವಳ ಪ್ರಯೋಗಕ್ಕಾಗಿ 1973ರಲ್ಲಿ ಅರಬೆಲ್ಲಾ ಮತ್ತು ಅನಿತಾ ಎಂಬ ಎರಡು ಜೇಡಗಳು ಸ್ಕೈಲ್ಯಾಬ್‌ಗೆ ಹೋದವು. ಅರಬೆಲ್ಲಾಳ ಮೊದಲ ಬಲೆ ಚಿಂದಿಯಂತಿತ್ತು. ಡಬ್ಬಿಯ ಮೂಲೆಯಲ್ಲಿ ನಾಲ್ಕು ಎಳೆ, ಅಷ್ಟೇ. ಒಂದೆರಡು ದಿನದಲ್ಲಿ ಸುತ್ತಲಿನ ಸ್ಥಿತಿಗೆ ಹೊಂದಿಕೊಂಡು ಪೂರ್ತಿ ಬಲೆ ನೇಯ್ದಳು. ಆದರೆ ನೂಲು ಒಂದೇ ಸಮ ಇರಲಿಲ್ಲ, ಕೆಲವು ಕಡೆ ದಪ್ಪ, ಕೆಲವು ಕಡೆ ತೆಳು. ಭೂಮಿಯ ಮೇಲೆ ಜೇಡ ತನ್ನ ಮೈಭಾರವನ್ನೇ ಅಳತೆ ಮಾಡಿಕೊಂಡು ನೂಲು ಬಿಡುತ್ತದೆ. ಅಲ್ಲಿ ಆ ಅಳತೆಗೋಲೇ ಇರಲಿಲ್ಲ.

ಇದಕ್ಕಿಂತ ಚಂದದ ಉತ್ತರ ಸಿಕ್ಕಿದ್ದು ತುಂಬಾ ವರ್ಷ ಆದಮೇಲೆ. ಮನೆಯಂಗಳದ ದುಂಡು ಬಲೆಯನ್ನು ಗಮನವಿಟ್ಟು ನೋಡಿ. ಬಲೆಯ ನಡು ನಿಜವಾಗಿ ನಡುವಿನಲ್ಲಿ ಇರುವುದಿಲ್ಲ, ಸ್ವಲ್ಪ ಮೇಲಿರುತ್ತದೆ. ಜೇಡ ಅಲ್ಲಿ ತಲೆ ಕೆಳಗೆ ಮಾಡಿ ಕೂತಿರುತ್ತದೆ. ಕೆಳಕ್ಕೆ ಓಡುವುದು ಸುಲಭ, ಮೇಲಕ್ಕೆ ಹತ್ತುವುದು ಕಷ್ಟ, ಅದಕ್ಕೇ ಕೆಳಗಿನ ಭಾಗ ದೊಡ್ಡದು. 2011ರಲ್ಲಿ ನಿಲ್ದಾಣಕ್ಕೆ ಹೋದ ಬಂಗಾರದ ನೂಲಿನ ಜೇಡಗಳು ಕತ್ತಲಲ್ಲಿ ನೇಯ್ದ ಬಲೆಗಳಲ್ಲಿ ಈ ಓರೆ ಕಾಣಿಸಲಿಲ್ಲ, ನಡು ನಡುವಿನಲ್ಲೇ ಇತ್ತು. ಆದರೆ ದೀಪ ಉರಿಯುತ್ತಿದ್ದಾಗ ನೇಯ್ದ ಬಲೆಗಳು ಭೂಮಿಯ ಬಲೆಗಳಂತೆಯೇ ಓರೆಯಾಗಿದ್ದವು. ದೀಪ ಇದ್ದ ಕಡೆಯನ್ನು ಮೇಲು ಅಂತ ಹಿಡಿದು ಜೇಡ ಕೆಲಸ ಮಾಡಿತ್ತು. ಇಲ್ಲೂ ಅದೇ ಬೆಳಕು, ಮೀನಿನ ಹಾಗೆ. ತೂಕ ಇರುವ ಭೂಮಿಯಲ್ಲಿ ಜೇಡಕ್ಕೆ ಈ ಎರಡನೇ ಆಸರೆ ಬೇಕೇ ಆಗುವುದಿಲ್ಲ. ಹಾಗಾಗಿ ಅದು ಇದೆ ಅಂತ ಯಾರಿಗೂ ಗೊತ್ತೇ ಇರಲಿಲ್ಲ.

ಹಲ್ಲಿಗೆ ಅಲ್ಲಿ ತೊಂದರೆ ಇರಲಿಕ್ಕಿಲ್ಲ, ಗೋಡೆ ಹಿಡಿದುಕೊಳ್ಳುತ್ತದಲ್ಲ?

ಸರಿಯಾಗಿ ಊಹಿಸಿದ್ದೀರಿ. ಹಲ್ಲಿಯ ಪಾದದಲ್ಲಿ ಅಂಟು ಇಲ್ಲ. ಗೆಕೊ ಜಾತಿಯ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲೂ ಸುಮಾರು ಐದು ಲಕ್ಷ ಸೂಕ್ಷ್ಮ ಕೂದಲುಗಳಿವೆ. ಪ್ರತಿ ಕೂದಲಿನ ತುದಿ ಮತ್ತೆ ನೂರಾರು ಎಳೆಗಳಾಗಿ ಸೀಳಿದೆ. ಆ ತುದಿಗಳು ಗೋಡೆಗೆ ಎಷ್ಟು ಹತ್ತಿರ ಹೋಗುತ್ತವೆ ಅಂದರೆ ಅಣುಗಳ ನಡುವಿನ ಸಣ್ಣ ಸೆಳೆತವೇ ಹಿಡಿದುಕೊಳ್ಳುತ್ತದೆ. ಇದಕ್ಕೆ ತೂಕದ ಹಂಗಿಲ್ಲ.

2013ರ ಏಪ್ರಿಲ್‌ನಲ್ಲಿ ರಷ್ಯಾದ ಬಿಯಾನ್-ಎಂ1 ಉಪಗ್ರಹದಲ್ಲಿ 15 ಗೆಕೊಗಳು ಒಂದು ತಿಂಗಳು ಸುತ್ತಿ ಬಂದವು. ಅಂಟಿಕೊಂಡು ನಡೆದವು, ತಿಂದವು. ಒಂದರ ಕೊರಳಿನಿಂದ ಜಾರಿ ತೇಲುತ್ತಿದ್ದ ಪಟ್ಟಿಯನ್ನು ಮೂಗಿನಿಂದ ದೂಡಿ ದೂಡಿ ಆಡಿದ್ದೂ ಕ್ಯಾಮೆರಾದಲ್ಲಿ ಸಿಕ್ಕಿದೆ. ಅದೇ ಉಪಗ್ರಹದಲ್ಲಿದ್ದ ಇಲಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸತ್ತವು. ಮರುವರ್ಷ ಇನ್ನೊಂದು ಉಪಗ್ರಹದಲ್ಲಿ ಹೋದ ಐದು ಗೆಕೊಗಳೂ ವಾಪಸು ಬರುವಷ್ಟರಲ್ಲಿ ಸತ್ತಿದ್ದವು. ಪಾದ ಗಟ್ಟಿ ಇದ್ದ ಮಾತ್ರಕ್ಕೆ ಎಲ್ಲದರಿಂದ ಪಾರಾಗುವುದು ಆಗುವುದಿಲ್ಲ.

ಜೇನುನೊಣ, ಇರುವೆ?

1984ರಲ್ಲಿ ಚಾಲೆಂಜರ್ ನೌಕೆಯಲ್ಲಿ 3,000ಕ್ಕೂ ಹೆಚ್ಚು ಜೇನುನೊಣಗಳು ಹೋಗಿದ್ದವು. ಮೊದಲು ಗೋಡೆಗೆ ಡಿಕ್ಕಿ ಹೊಡೆದವು, ಆಮೇಲೆ ಹಾರಲು ಕಲಿತವು, ಒಪ್ಪವಾದ ಜೇನುಹುಟ್ಟನ್ನೂ ಕಟ್ಟಿದವು. 2014ರಲ್ಲಿ ನಿಲ್ದಾಣಕ್ಕೆ ಹೋದ ಇರುವೆಗಳು ಆಗಾಗ ನೆಲದಿಂದ ಕಳಚಿ ತೇಲಿಹೋಗುತ್ತಿದ್ದವು. ಆದರೂ ಕೈಗೆ ಸಿಕ್ಕಿದ್ದನ್ನು, ಕೆಲವು ಸಲ ಇನ್ನೊಂದು ಇರುವೆಯನ್ನೇ, ಹಿಡಿದುಕೊಂಡು ಮತ್ತೆ ನೆಲ ಸೇರುತ್ತಿದ್ದವು. ಜಾಗವನ್ನು ಹುಡುಕಿ ಜಾಲಾಡುವ ಕೆಲಸ ಮಾತ್ರ ಭೂಮಿಯ ಮೇಲಿನಷ್ಟು ಚೊಕ್ಕ ಇರಲಿಲ್ಲ.

ಬಾಹ್ಯಾಕಾಶದಲ್ಲಿ ಮರಿ ಹುಟ್ಟಿದ್ದುಂಟಾ?

ಉಂಟು. 1994ರ ಜುಲೈನಲ್ಲಿ ಕೊಲಂಬಿಯಾ ನೌಕೆಯಲ್ಲಿ ಹೋದ ನಾಲ್ಕು ಮೆಡಾಕಾ ಮೀನುಗಳು ಅಲ್ಲೇ ಕೂಡಿ 43 ಮೊಟ್ಟೆ ಇಟ್ಟವು. ನೌಕೆ ಇಳಿಯುವ ಮೊದಲೇ 8 ಮರಿ ಹೊರಬಂದಿದ್ದವು. ಬೆನ್ನುಮೂಳೆ ಇರುವ ಪ್ರಾಣಿ ಬಾಹ್ಯಾಕಾಶದಲ್ಲಿ ಕೂಡಿ ಮೊಟ್ಟೆಯಿಟ್ಟಿದ್ದು ಅದೇ ಮೊದಲು. ಆ ಮೀನುಗಳನ್ನು ಸುಮ್ನೆ ಕಳಿಸಿರಲಿಲ್ಲ. ತೂಕ ಇಲ್ಲದಾಗಲೂ ಲಾಗ ಹಾಕದ, ಕಣ್ಣು ಚುರುಕಾಗಿರುವ ತಳಿಯನ್ನು ಹುಡುಕಿ ಆರಿಸಿದ್ದರು.

ಹಕ್ಕಿಗೆ ಇದು ಅಷ್ಟು ಸುಲಭವಾಗಲಿಲ್ಲ. 1990ರ ಮಾರ್ಚ್‌ನಲ್ಲಿ ಮೀರ್ ನಿಲ್ದಾಣದಲ್ಲಿ ಲಾವಕ್ಕಿಯ ಮೊಟ್ಟೆ ಒಡೆದು ಮರಿಗಳು ಬಂದವು. ಮೀನಿಗೆ ನೀರಿನ ಆಸರೆ ಇತ್ತು, ಹಕ್ಕಿಮರಿಗೆ ಏನೂ ಇರಲಿಲ್ಲ. ಕಾಲೂರಲು ನೆಲ ಸಿಗದೆ ಗಾಳಿಯಲ್ಲಿ ಒದ್ದಾಡಿದವು. ಕಾಳಿನ ಹತ್ತಿರ ನಿಂತು ಕುಕ್ಕುವುದಕ್ಕೂ ಆಗಲಿಲ್ಲ. ಕೈಯಲ್ಲಿ ಹಿಡಿದು ತಿನ್ನಿಸಬೇಕಾಯಿತು.

ಜೆಲ್ಲಿ ಮೀನುಗಳ ಕತೆ ಇನ್ನೊಂದು ಪಾಠ. 1991ರಲ್ಲಿ 2,478 ಎಳೆಯ ಜೆಲ್ಲಿ ಮೀನುಗಳು ಹೋಗಿ, ಒಂಬತ್ತು ದಿನದಲ್ಲಿ ಸುಮಾರು 60,000 ಆದವು. ಆದರೆ ಅಲ್ಲಿ ಹುಟ್ಟಿದವನ್ನು ಭೂಮಿಗೆ ತಂದಾಗ ಹಲವಕ್ಕೆ ಸರಿಯಾಗಿ ಮಿಡಿದು ಈಜಲು ಬರಲಿಲ್ಲ. ಮೇಲೆ ಹುಟ್ಟುವ ಮನುಷ್ಯಮಕ್ಕಳ ಬಗ್ಗೆ ಮಾತಾಡುವವರು ಈ ಜೆಲ್ಲಿ ಮೀನುಗಳನ್ನು ಮರೆಯಬಾರದು.

ಸಸ್ತನಿಗಳ ವಿಷಯದಲ್ಲಿ ಇದುವರೆಗಿನ ದೊಡ್ಡ ಹೆಜ್ಜೆ ಜಪಾನಿನ ತೆರುಹಿಕೊ ವಾಕಾಯಾಮಾ ತಂಡದ್ದು. ಒಣಗಿಸಿದ ಇಲಿಯ ವೀರ್ಯಾಣುಗಳನ್ನು ನಿಲ್ದಾಣದಲ್ಲಿ ಸುಮಾರು ಆರು ವರ್ಷ ಇಟ್ಟು ಕೆಳಗೆ ತಂದರು. ಅವುಗಳಿಂದ 168 ಆರೋಗ್ಯವಂತ ಮರಿಗಳು ಹುಟ್ಟಿದ ಸುದ್ದಿ 2021ರಲ್ಲಿ ಪ್ರಕಟವಾಯಿತು. ಹುಟ್ಟಿದ್ದು ಭೂಮಿಯ ಮೇಲೆ, ನೆನಪಿಡಿ.

ನೀರುಕರಡಿಗೆ ಸಾವೇ ಇಲ್ಲವಂತೆ?

ಇದು ಎಲ್ಲರಿಗಿಂತ ಜಾಸ್ತಿ ಕೇಳಿಬರುವ ಪ್ರಶ್ನೆ. ಉತ್ತರ: ಸಾವಿದೆ, ಅದೂ ಬೇಗ ಇದೆ. ನೀರಿನಲ್ಲಿ ಓಡಾಡಿಕೊಂಡಿರುವ ನೀರುಕರಡಿ ಮೃದುವಾದ ಪುಟ್ಟ ಪ್ರಾಣಿ. ಎಂಟು ಕಾಲು, ಉದ್ದ ಒಂದು ಮಿಲಿಮೀಟರ್‌ಗೂ ಕಡಿಮೆ. ತುಂಬಾ ಗಟ್ಟಿ ಎಂದು ಹೆಸರಾದ ಒಂದು ಜಾತಿಯೂ ಚುರುಕಾಗಿದ್ದಾಗ 37 ಡಿಗ್ರಿ ಬಿಸಿ ನೀರಿನಲ್ಲಿ ಒಂದು ದಿನ ಇಟ್ಟರೆ ಅರ್ಧಕ್ಕರ್ಧ ಸಾಯುತ್ತದೆ. ನಮ್ಮ ಮೈಬಿಸಿಯೇ ಅದಕ್ಕೆ ಜಾಸ್ತಿ!

ಅದರ ಶಕ್ತಿ ಇರುವುದು ಒಣಗುವುದರಲ್ಲಿ. ಅದು ವಾಸ ಮಾಡುವ ಹಾವಸೆ ಮಳೆ ಬಂದಾಗ ನೆನೆಯುತ್ತದೆ, ಬಿಸಿಲು ಬಂದಾಗ ಗರಿಗರಿ ಒಣಗುತ್ತದೆ. ಹಾವಸೆ ಒಣಗಿದಾಗ ನೀರುಕರಡಿ ಕಾಲುಗಳನ್ನು ಒಳಗೆಳೆದುಕೊಂಡು ಉರುಟಾದ ಪೀಪಾಯಿಯಂತೆ ಮುದುಡುತ್ತದೆ. ಮೈಯ ನೀರು ಶೇ. 3ಕ್ಕೆ ಇಳಿಯುತ್ತದೆ. ಉಸಿರು, ಜೀರ್ಣ, ಬೆಳವಣಿಗೆ ಎಲ್ಲ ನಿಂತಂತೆಯೇ. ವಿಶೇಷ ಪ್ರೋಟೀನುಗಳು ಜೀವಕೋಶದೊಳಗೆ ಗಾಜಿನಂತೆ ಗಟ್ಟಿಯಾಗಿ ಎಲ್ಲವನ್ನೂ ಇದ್ದಲ್ಲೇ ಹಿಡಿದಿಡುತ್ತವೆ. ಮತ್ತೆ ಒಂದು ಹನಿ ನೀರು ಬಿದ್ದರೆ ಕಾಲು ಹೊರಬರುತ್ತದೆ. ಅಂಟಾರ್ಕ್ಟಿಕಾದಲ್ಲಿ 1983ರಲ್ಲಿ ಸಂಗ್ರಹಿಸಿ ಹೆಪ್ಪುಗಟ್ಟಿಸಿಟ್ಟಿದ್ದ ಹಾವಸೆಯನ್ನು 30 ವರ್ಷದ ನಂತರ ಜಪಾನಿನಲ್ಲಿ ಕರಗಿಸಿದಾಗ, ಅದರೊಳಗಿನ ನೀರುಕರಡಿ ಎದ್ದು ತಿಂದು ಮೊಟ್ಟೆಯನ್ನೂ ಇಟ್ಟಿತು.

2007ರ ಸೆಪ್ಟೆಂಬರ್‌ನಲ್ಲಿ ಫೋಟಾನ್-ಎಂ3 ನೌಕೆಯ ಹೊರಮೈಯಲ್ಲಿ ಒಣಗಿದ ನೀರುಕರಡಿಗಳನ್ನು ಹತ್ತು ದಿನ ತೆರೆದ ಬಾಹ್ಯಾಕಾಶಕ್ಕೆ ಒಡ್ಡಿದರು. ಸ್ವೀಡನ್ನಿನ ಇಂಗೆಮಾರ್ ಯೋನ್ಸನ್ ತಂಡದ ಪ್ರಯೋಗ ಅದು. ನಿರ್ವಾತಕ್ಕೆ ಮಾತ್ರ ಒಡ್ಡಿದವು ಹೆಚ್ಚಾಗಿ ಎದ್ದುಬಂದವು. ಅವುಗಳ ಮೊಟ್ಟೆಯಿಂದ ಮರಿಯೂ ಆದವು. ಜೊತೆಗೆ ಸೂರ್ಯನ ಪೂರ್ತಿ ಅತಿನೇರಳೆ ಬೆಳಕನ್ನೂ ತಿಂದವುಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದವು.

ವಿಕಿರಣವನ್ನು ತಡೆಯುವ ಗುಟ್ಟುಗಳೂ ಒಂದೊಂದಾಗಿ ಹೊರಬರುತ್ತಿವೆ. 2016ರಲ್ಲಿ ಜಪಾನಿನ ವಿಜ್ಞಾನಿಗಳು ಡಿಎನ್‌ಎಗೆ ಹೊದಿಕೆಯಂತೆ ಅಂಟಿಕೊಳ್ಳುವ ಡಿಸಪ್ ಎಂಬ ಪ್ರೋಟೀನು ಕಂಡುಹಿಡಿದರು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯನ ಜೀವಕೋಶಗಳಿಗೆ ಸೇರಿಸಿದಾಗ ಎಕ್ಸ್-ರೇ ಹಾನಿ ಸುಮಾರು ಶೇ. 40 ಕಡಿಮೆಯಾಯಿತು. 2020ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ, ಅತಿನೇರಳೆ ಬೆಳಕನ್ನು ಹೀರಿ ನಿರಪಾಯದ ನೀಲಿ ಬೆಳಕಾಗಿ ಹೊರಬಿಡುವ ನೀರುಕರಡಿಯ ಬಗ್ಗೆ ವರದಿ ಮಾಡಿತು. ಬೇರೆ ಪ್ರಾಣಿಗಳಿಗೆ ಮಾರಕವಾದ ಬೆಳಕಿನಲ್ಲಿ ಅದು ಮಿನುಗುತ್ತಾ ಬದುಕುತ್ತದೆ. 2025ರಲ್ಲಿ ಶುಭಾಂಶು ಶುಕ್ಲಾ ಹೋದ ಆಕ್ಸಿಯಮ್-4 ಯಾನದಲ್ಲೂ ಭಾರತದ ನೀರುಕರಡಿ ಪ್ರಯೋಗ ಒಂದಿತ್ತು.

ಚಂದ್ರನ ಮೇಲೆ ನೀರುಕರಡಿಗಳು ಈಗ ಓಡಾಡಿಕೊಂಡಿವೆಯೇ?

ಇಲ್ಲ. 2019ರ ಏಪ್ರಿಲ್ 11ರಂದು ಇಸ್ರೇಲಿನ ಬೆರೆಶೀಟ್ ನೌಕೆ ಚಂದ್ರನಿಗೆ ಅಪ್ಪಳಿಸಿ ಒಡೆಯಿತು. ಅದರಲ್ಲಿ ಒಣಗಿದ ನೀರುಕರಡಿಗಳಿದ್ದವು ಎನ್ನುವುದು ನಿಜ. ಆಮೇಲೆ ವಿಜ್ಞಾನಿಗಳು ಹೆಪ್ಪುಗಟ್ಟಿದ ನೀರುಕರಡಿಗಳನ್ನು ಬಂದೂಕಿನಂಥ ಯಂತ್ರದಿಂದ ಮರಳಿಗೆ ಹೊಡೆದು ನೋಡಿದರು. ಸೆಕೆಂಡಿಗೆ ಸುಮಾರು 900 ಮೀಟರ್ ವೇಗದವರೆಗೆ ಅವು ತಾಳಿದವು, ಅದರಾಚೆಗೆ ಛಿದ್ರವಾದವು. ಬೆರೆಶೀಟ್ ಬಿದ್ದಾಗಿನ ಒತ್ತಡ ಇದಕ್ಕಿಂತ ಜಾಸ್ತಿ ಇದ್ದಿರಬೇಕು ಅಂತ ಆ ತಂಡದ ಅಂದಾಜು. ಒಂದುವೇಳೆ ಕೆಲವು ಮುದುಡಿದ ಸ್ಥಿತಿಯಲ್ಲಿ ಉಳಿದಿದ್ದರೂ ನೀರಿಲ್ಲದೆ ಎದ್ದೇಳುವ ಹಾಗಿಲ್ಲ.

ನೌಕೆಯ ಹೊರಗೆ ಇಟ್ಟರೂ ಉಳಿದುಬರುವ ಜೀವಿಗಳು ಬೇರೆ ಯಾವುವು?

ನನ್ನ ಮೆಚ್ಚಿನದು ಆಫ್ರಿಕಾದ ಒಂದು ಪುಟ್ಟ ನೊಣ, ಮಲಗುವ ನೊಣ ಅಂತಲೇ ಕರೆಯಬಹುದು. ಅದರ ಹುಳು ಬಂಡೆಯ ಗುಳಿಗಳಲ್ಲಿ ನಿಂತ ಮಳೆನೀರಿನಲ್ಲಿ ಬೆಳೆಯುತ್ತದೆ. ಗುಳಿ ಒಣಗಿದರೆ ಹುಳುವೂ ಒಣಗುತ್ತದೆ. ಟ್ರೆಹಲೋಸ್ ಎಂಬ ಸಕ್ಕರೆಯನ್ನು ಮೈತುಂಬ ತುಂಬಿಕೊಂಡು, ನೀರಿದ್ದ ಜಾಗದಲ್ಲೆಲ್ಲ ಆ ಸಕ್ಕರೆ ಕೂತು ಕಾಯುತ್ತದೆ. ಒಂದು ಮಳೆ ಬಂದರೆ ಗಂಟೆಯೊಳಗೆ ಎದ್ದು ಹರಿದಾಡುತ್ತದೆ. 17 ವರ್ಷ ಒಣಗಿಸಿಟ್ಟದ್ದೂ ಎದ್ದಿದೆ. ಬಾಹ್ಯಾಕಾಶ ನಿಲ್ದಾಣದ ಹೊರಗೋಡೆಗೆ ಕಟ್ಟಿದ ಡಬ್ಬಿಯಲ್ಲಿ ಒಂದು ವರ್ಷಕ್ಕೂ ಜಾಸ್ತಿ ಇದ್ದು ಬಂದ ಮೇಲೂ ಎದ್ದಿದೆ. ಕೀಟವೊಂದು, ಮಿದುಳು ನರ ಎಲ್ಲ ಇರುವ ಜೀವಿ, ಹೀಗೆ ಒಣಗಿ ಎದ್ದೇಳುವುದು ಅಂದರೆ ಸಣ್ಣ ಮಾತಲ್ಲ.

ಬಂಡೆಗೆ ಅಂಟಿಕೊಂಡು ಬೆಳೆಯುವ ಕಲ್ಲುಹೂವು 2005ರಲ್ಲಿ ಎರಡು ವಾರ ಪೂರ್ತಿ ತೆರೆದ ಬಾಹ್ಯಾಕಾಶದಲ್ಲಿದ್ದು, ಬಂದು ಮತ್ತೆ ಆಹಾರ ತಯಾರಿಸಲು ಶುರುಮಾಡಿತು. ಡೈನೊಕಾಕಸ್ ಎಂಬ ಬ್ಯಾಕ್ಟೀರಿಯಾ ಜಪಾನಿನ ತಾನ್‌ಪೊಪೊ ಪ್ರಯೋಗದಲ್ಲಿ ಮೂರು ವರ್ಷ ಹೊರಗಿತ್ತು. ಅರ್ಧ ಮಿಲಿಮೀಟರ್‌ಗಿಂತ ದಪ್ಪದ ಗುಳಿಗೆಗಳಲ್ಲಿ ಮೇಲಿನ ಪದರ ಸತ್ತು, ಆ ಸತ್ತ ಪದರವೇ ಒಳಗಿನವಕ್ಕೆ ಕೊಡೆಯಾಯಿತು.

ಭೂಮಿಯಲ್ಲೇ ಇರುವ ಜೀವಿಗೆ ಬಾಹ್ಯಾಕಾಶ ತಾಳುವ ಶಕ್ತಿ ಯಾಕೆ ಬಂತು? ಅವು ಬೇರೆ ಲೋಕದಿಂದ ಬಂದವಾ?

ಅಲ್ಲ. ಹಾವಸೆ, ಬಂಡೆಯ ಗುಳಿ, ಕಲ್ಲುಹೂವು. ಈ ಮೂರನ್ನೂ ಒಟ್ಟಿಗೆ ನೋಡಿದರೆ ಉತ್ತರ ತಾನೇ ಕಾಣುತ್ತದೆ. ಎಲ್ಲವೂ ಪದೇ ಪದೇ ಒಣಗುವ ಜಾಗಗಳು. ಜೀವಕೋಶ ಒಣಗಿದಾಗ ಅದರ ಡಿಎನ್‌ಎ ತುಂಡು ತುಂಡಾಗುತ್ತದೆ. ವಿಕಿರಣ ಬಡಿದಾಗಲೂ ಹಾಗೇ ಆಗುತ್ತದೆ. ಒಣಗಿದ ಮೇಲೆ ಡಿಎನ್‌ಎ ರಿಪೇರಿ ಮಾಡಿಕೊಳ್ಳಲು ಕಲಿತ ಜೀವಿಗೆ ವಿಕಿರಣದ ಗಾಯ ವಾಸಿ ಮಾಡಿಕೊಳ್ಳುವುದೂ ಬಂದುಬಿಟ್ಟಿತು. ಡೈನೊಕಾಕಸ್ ಮನುಷ್ಯನನ್ನು ಕೊಲ್ಲುವ ವಿಕಿರಣದ ಸಾವಿರ ಪಟ್ಟನ್ನು ತಾಳಿಕೊಳ್ಳುತ್ತದೆ. ಅಷ್ಟು ವಿಕಿರಣ ಭೂಮಿಯ ಯಾವ ಮೂಲೆಯಲ್ಲೂ ಸಹಜವಾಗಿ ಇಲ್ಲ. ಬರಕ್ಕೆಂದು ಹೊಲಿದುಕೊಂಡ ಅಂಗಿ ಅದು.

ಹಾಗೆಯೇ ನಿರ್ವಾತ ಅಂದರೆ ಒಣಗಿದ ಜೀವಿಗೆ ಇನ್ನಷ್ಟು ಒಣ ಜಾಗ, ಅಷ್ಟೇ. ಇದಕ್ಕೆಲ್ಲ ಭೂಮಿಯಲ್ಲೇ ತಾಲೀಮು ನಡೆದಿತ್ತು. ಆದರೆ ಇವು ಯಾವುವೂ ಅಲ್ಲಿ ತಿನ್ನಲಿಲ್ಲ, ಬೆಳೆಯಲಿಲ್ಲ, ಮರಿ ಹಾಕಲಿಲ್ಲ. ಕಾದವು. ನೀರು ಸಿಕ್ಕಿದ್ದು ಕೆಳಗೆ ಬಂದ ಮೇಲೆಯೇ.

ಮನುಷ್ಯನ ದೇಹ ಹೇಗೆ ತಾಳುತ್ತದೆ?

ಕಷ್ಟಪಟ್ಟು. ಕಾಲಿನ ಕಡೆ ಇರಬೇಕಾದ ದ್ರವ ತಲೆಯ ಕಡೆ ಸರಿದು ಮುಖ ಊದುತ್ತದೆ, ಕಾಲು ಸಣ್ಣಗಾಗುತ್ತದೆ. ಬೆನ್ನುಮೂಳೆಯ ಮೇಲೆ ಭಾರ ಇಲ್ಲದೆ ಎತ್ತರ ಶೇ. 3ರವರೆಗೆ ಹೆಚ್ಚುತ್ತದೆ. ಭಾರ ಹೊರುವ ಮೂಳೆಗಳು ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತವೆ. ಇದನ್ನು ತಡೆಯಲು ನಿಲ್ದಾಣದಲ್ಲಿ ಎಲ್ಲರೂ ದಿನಕ್ಕೆ ಎರಡು ಗಂಟೆಯಷ್ಟು ವ್ಯಾಯಾಮ ಮಾಡುತ್ತಾರೆ. ರಷ್ಯಾದ ಗಗನಯಾತ್ರಿ ವಲೇರಿ ಪೊಲ್ಯಾಕೊವ್ 1994-95ರಲ್ಲಿ ಮೀರ್ ನಿಲ್ದಾಣದಲ್ಲಿ ಒಂದೇ ಸಲ 437 ದಿನ ಇದ್ದು ಬಂದರು. ಇಳಿದ ಮೇಲೆ ತಾವೇ ಎದ್ದು ನಾಲ್ಕು ಹೆಜ್ಜೆ ಹಾಕಿದರು. ಅದರ ಹಿಂದೆ ಇದ್ದಿದ್ದು ಅಷ್ಟು ದಿನದ ವ್ಯಾಯಾಮ.

ಭೂಮಿಯ ಮೇಲೆ ಗುರುತ್ವದ ಜೊತೆ ಸೆಣಸುವ ಪ್ರಾಣಿಗಳನ್ನು ನೋಡಿದರೆ ನಮ್ಮ ತೊಂದರೆ ಚೆನ್ನಾಗಿ ಅರ್ಥವಾಗುತ್ತದೆ. ಜಿರಾಫೆಯ ರಕ್ತದೊತ್ತಡ ನಮ್ಮದರ ಎರಡು ಪಟ್ಟು, ಅಷ್ಟು ಎತ್ತರದ ತಲೆಗೆ ರಕ್ತ ಏರಿಸಬೇಕಲ್ಲ. ಆ ಒತ್ತಡಕ್ಕೆ ಕಾಲು ಊದದಂತೆ ಕಾಲಿನ ಚರ್ಮ ಬಿಗಿಯಾಗಿ ಕಟ್ಟಿದ ಪಟ್ಟಿಯಂತಿದೆ. ಯುದ್ಧವಿಮಾನದ ಪೈಲಟ್‌ಗಳ ಬಿಗಿ ಉಡುಪಿನ ಲೆಕ್ಕವೇ ಅದು. ಮರ ಹತ್ತುವ ಹಾವುಗಳಲ್ಲಿ ಹೃದಯ ತಲೆಗೆ ಹತ್ತಿರ ಇರುತ್ತದೆ. ಪೂರ್ತಿ ನೀರಿನಲ್ಲೇ ಇರುವ ಹಾವುಗಳಲ್ಲಿ ಅದು ನಡುವಿನತ್ತ ಸರಿದಿರುತ್ತದೆ, ನೀರು ಹೊತ್ತುಕೊಳ್ಳುವಾಗ ರಕ್ತ ಏರಿಸುವ ಚಿಂತೆ ಇಲ್ಲ.

ಕರಡಿಯ ಹಾಗೆ ಮಲಗಿಕೊಂಡೇ ಮಂಗಳಕ್ಕೆ ಹೋಗಬಹುದೇ?

ಸದ್ಯಕ್ಕೆ ಆಗದು. ಆದರೆ ಈ ಪ್ರಶ್ನೆಯನ್ನು ಯುರೋಪಿನ ಬಾಹ್ಯಾಕಾಶ ಸಂಸ್ಥೆಯೂ ಗಂಭೀರವಾಗಿಯೇ ತೆಗೆದುಕೊಂಡಿದೆ. ಮನುಷ್ಯ ಕೆಲವು ವಾರ ಹಾಸಿಗೆ ಹಿಡಿದರೆ ಮೂಳೆ ಸ್ನಾಯು ಕರಗುತ್ತವೆ. ಕರಡಿ ಐದಾರು ತಿಂಗಳು ತಿನ್ನದೆ, ಕುಡಿಯದೆ, ಮೂತ್ರವನ್ನೂ ಮಾಡದೆ ಮಲಗುತ್ತದೆ. ಎದ್ದಾಗ ಮೂಳೆ ಹಾಗೇ ಇರುತ್ತದೆ, ಸ್ನಾಯು ಸ್ವಲ್ಪ ಮಾತ್ರ ಇಳಿದಿರುತ್ತದೆ. ನಾವು ಹೊರಹಾಕುವ ಯೂರಿಯಾವನ್ನು ಅದು ಮತ್ತೆ ಪ್ರೋಟೀನು ಮಾಡಿಕೊಳ್ಳುತ್ತದೆ. ಚಳಿನಿದ್ದೆ ಮಾಡುವ ನೆಲದ ಅಳಿಲಿನಲ್ಲಿ ಈ ಕೆಲಸಕ್ಕೆ ಕರುಳಿನ ಬ್ಯಾಕ್ಟೀರಿಯಾ ನೆರವಾಗುತ್ತವೆ ಅಂತ 2022ರಲ್ಲಿ ಗೊತ್ತಾಯಿತು. ಉತ್ತರ ಧ್ರುವದ ಕಡೆಯ ನೆಲ ಅಳಿಲಂತೂ ಮೈಬಿಸಿಯನ್ನು ಸೊನ್ನೆಗಿಂತ ಕೆಳಗೆ, ಮೈನಸ್ 2.9 ಡಿಗ್ರಿವರೆಗೆ, ಇಳಿಸಿಕೊಂಡೂ ಹೆಪ್ಪುಗಟ್ಟುವುದಿಲ್ಲ.

ಇಷ್ಟು ಕಡಿಮೆ ಆಹಾರ, ಸವೆಯದ ಮೂಳೆ. ದೂರದ ಪ್ರಯಾಣಕ್ಕೆ ಬೇಕಾಗಿರುವುದು ಇದೇ. ಅಳಿಲಿನ ಗುಟ್ಟು ಮೊದಲು ಆಸ್ಪತ್ರೆಯ ಹಾಸಿಗೆ ಹಿಡಿದವರಿಗೆ ಸಿಕ್ಕಿದರೆ ನನಗೆ ಇನ್ನೂ ಖುಷಿ.

ಕೊಲಂಬಿಯಾ ದುರಂತದಲ್ಲಿ ಹುಳುಗಳು ಬದುಕಿದ್ದು ನಿಜವೇ?

ನಿಜ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಒಡೆದುಹೋಗಿ ಕಲ್ಪನಾ ಚಾವ್ಲಾ ಸೇರಿ ಏಳೂ ಜನ ತೀರಿಕೊಂಡರು. ಕೆಲವು ವಾರಗಳ ನಂತರ ಟೆಕ್ಸಾಸ್‌ನಲ್ಲಿ ಸಿಕ್ಕ ಅವಶೇಷಗಳಲ್ಲಿ ಪ್ರಯೋಗದ ಡಬ್ಬಿಗಳಿದ್ದವು. ಒಳಗೆ ಒಂದು ಮಿಲಿಮೀಟರ್ ಉದ್ದದ ದುಂಡುಹುಳುಗಳು ಹರಿದಾಡುತ್ತಿದ್ದವು. ಅವುಗಳ ಆಯಸ್ಸು ಎರಡು ಮೂರು ವಾರ ಮಾತ್ರ. ಅಂದರೆ ಸಿಕ್ಕಿದ್ದು ಹಾರಿದ ಹುಳುಗಳ ಮಕ್ಕಳು, ಮೊಮ್ಮಕ್ಕಳು.

ನೀರುಕರಡಿಯನ್ನು ನಾನೇ ನೋಡಬಹುದಾ?

ಖಂಡಿತ. ಹಳೆಯ ಗೋಡೆ, ಮರ, ಹೆಂಚು, ಬಂಡೆಯ ಮೇಲಿನ ಹಾವಸೆಯ ಒಂದು ಚಿಕ್ಕ ಉಂಡೆ ಸಾಕು. ಒಣಗಿದ್ದರೆ ಇನ್ನೂ ಒಳ್ಳೆಯದು. ಅದನ್ನು ಅಗಲ ತಟ್ಟೆಯಲ್ಲಿ ತಲೆಕೆಳಗಾಗಿ ಇಟ್ಟು, ಮುಳುಗುವಷ್ಟು ಮಳೆನೀರು ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾವಸೆಯನ್ನು ತಟ್ಟೆಗೇ ಹಿಂಡಿ, ತಳದಲ್ಲಿ ಕೂತ ಕಸರನ್ನು ಹನಿ ಹನಿಯಾಗಿ ಸೂಕ್ಷ್ಮದರ್ಶಕದಲ್ಲಿ ನೋಡಿ. 40 ಪಟ್ಟು ದೊಡ್ಡದು ಮಾಡಿದರೆ ಸಾಕು. ಮೊದಲ ಹನಿಯಲ್ಲೇ ಸಿಗದಿದ್ದರೆ ಬೇಜಾರು ಬೇಡ, ಹತ್ತಾರು ಹನಿ ನೋಡಬೇಕಾದೀತು. ಎಂಟು ಮೊಂಡು ಕಾಲಿನಲ್ಲಿ ಮಣ್ಣಿನ ಕಣ ತಬ್ಬಿಕೊಂಡು, ನಿಧಾನವಾಗಿ ಹೆಜ್ಜೆ ಕಿತ್ತಿಡುವ ಪಾರದರ್ಶಕ ಪ್ರಾಣಿ ಕಂಡರೆ ಅದೇ. ನೋಡಿ ಆದಮೇಲೆ ಹಾವಸೆಯನ್ನೂ ಆ ನೀರನ್ನೂ ತಂದ ಜಾಗದಲ್ಲೇ ವಾಪಸು ಬಿಟ್ಟುಬನ್ನಿ.